ಬಳಲಿದ ಸಭಾಪಾಲಕರಿಗೆ ಸಭೆಯವರು ಹೇಗೆ ನೆರವಾಗಬೇಕು?

ಪ್ರಶ್ನೆ: ಕರ್ತನಲ್ಲಿ ವಂದನೆಗಳು. ನಾನು ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಆಡಳಿತ ಸಮಿತಿಯ ಸದಸ್ಯ. ಬಹಳ ಕಾಲದಿಂದ ನಮ್ಮನ್ನು ನಡೆಸುತ್ತಿರುವ ಸಭಾಪಾಲಕರು (ಪಾಸ್ಟರ್) ಈಚೆಗೆ ತೀರಾ ಬಳಲಿದಂತೆ ಕಾಣುತ್ತಾರೆ. ಪ್ರಸಂಗದಲ್ಲಿ ಮೊದಲಿನ ಕಳೆಯಿಲ್ಲ, ಮನೆ ಭೇಟಿಗಳನ್ನು ಮುಂದೂಡುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ. ಅವರಿಗಾಗಿ ಉಪವಾಸ ಪ್ರಾರ್ಥನೆಯನ್ನೂ ಒಂದು ಸನ್ಮಾನವನ್ನೂ ಏರ್ಪಡಿಸೋಣವೆಂದು ಸಮಿತಿಯಲ್ಲಿ ಮಾತಾಗಿದೆ. ಆಪ್ತಸಮಾಲೋಚಕರಾದ ತಮ್ಮ ಸಲಹೆಯೇನು?

ಉತ್ತರ: ಸಹೋದರರೇ, ಪ್ರಾರ್ಥನೆ ಇರಲಿ, ಸನ್ಮಾನವನ್ನು ಸದ್ಯಕ್ಕೆ ಬಿಡಿ. ಆ ಪ್ರಾರ್ಥನಾ ಕೂಟವನ್ನು ನಡೆಸುವವರು ಯಾರೆಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಸಭಾಪಾಲಕರೇ ಬಂದು ನಡೆಸಬೇಕಾದರೆ ಅದು ಅವರ ಪಾಲಿಗೆ ಇನ್ನೊಂದು ಕೆಲಸವಾಗುತ್ತದೆಯೇ ಹೊರತು ವಿಶ್ರಾಂತಿಯಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ 'ಬರ್ನೌಟ್' ಎಂಬುದನ್ನು ಕಾಯಿಲೆಯೆಂದು ಕರೆದಿಲ್ಲ. ಕೆಲಸದ ಒತ್ತಡವು ಸರಿಯಾಗಿ ನಿರ್ವಹಣೆಯಾಗದೆ ದೀರ್ಘಕಾಲ ಉಳಿದಾಗ ಉಂಟಾಗುವ ಸ್ಥಿತಿಯೆಂದು ವಿವರಿಸಿದೆ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಹುಟ್ಟುವುದು, ಕಾರ್ಯಕ್ಷಮತೆ ಕುಗ್ಗುವುದು ಇದರ ಮೂರು ಲಕ್ಷಣಗಳು. ಅವರನ್ನು ನೋಡದೆ ಇದು ಅದೇ ಎಂದು ನಾನು ಹೇಳಲಾರೆ. ಆದರೆ ಕಾರಣ ಕೆಲಸದಲ್ಲಿದ್ದರೆ ಬದಲಾಗಬೇಕಾದದ್ದೂ ಕೆಲಸವೇ.

ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಬೆಳಗಿನಿಂದ ಸಾಯಂಕಾಲದವರೆಗೆ ನ್ಯಾಯ ತೀರಿಸುತ್ತ ಕುಳಿತ ಇಸ್ರಾಯೇಲ್ಯರ ನಾಯಕ ಮೋಶೆಗೆ ಅವನ ಮಾವ ಇತ್ರೋ ಇನ್ನಷ್ಟು ತಾಳ್ಮೆ ಬೆಳೆಸಿಕೊಳ್ಳಲು ಹೇಳಲಿಲ್ಲ. ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಯೋಗ್ಯರನ್ನು ನೇಮಿಸಿ, ಕಠಿಣವಾದ ವ್ಯಾಜ್ಯಗಳು ಮಾತ್ರ ಮೋಶೆಯ ಬಳಿಗೆ ಬರಲಿ ಎಂದನು. ನೀವೂ ಹಾಗೆಯೇ ಸಭಾಪಾಲಕರು ಒಂದು ವಾರದಲ್ಲಿ ಮಾಡುವ ಎಲ್ಲವನ್ನೂ, ದೇವಾಲಯದ ಬೀಗ ತೆಗೆಯುವುದರಿಂದ ಹಿಡಿದು ಲೆಕ್ಕಪತ್ರ, ಕಟ್ಟಡದ ರಿಪೇರಿ, ಕುಟುಂಬ ಕಲಹಗಳ ಪಂಚಾಯಿತಿಯವರೆಗೆ, ಅವರೊಂದಿಗೆ ಕುಳಿತು ಬರೆದುಕೊಳ್ಳಿ; ಅವುಗಳಲ್ಲಿ ಸಭಾಪಾಲಕರೇ ಮಾಡಬೇಕಾದವು ಎಷ್ಟು ಕಡಿಮೆಯೆಂಬುದು ಸಮಿತಿಗೇ ಆಶ್ಚರ್ಯ ತರಬಹುದು. ಉಳಿದವುಗಳನ್ನು ಇಂಥವರು ಇಂಥ ಕೆಲಸಕ್ಕೆ ಎಂದು ಹೆಸರು ಹಿಡಿದು ಹಂಚಿ. "ಏನಾದರೂ ಬೇಕಿದ್ದರೆ ಹೇಳಿ" ಎಂದವರನ್ನು ಯಾವ ಸಭಾಪಾಲಕರೂ ಕರೆಯುವುದಿಲ್ಲ.

ಅದೇ ಸದಸ್ಯರ ಮರುಪ್ರಶ್ನೆ: ಧನ್ಯವಾದಗಳು. ಆದರೆ ಕೆಲವು ವಾರ ರಜೆ ತೆಗೆದುಕೊಳ್ಳಿ ಎಂದರೆ, "ದೇವರ ಸೇವೆಗೆ ರಜೆಯುಂಟೇ?" ಎಂದು ಅವರು ಮಾತನ್ನು ಮುಗಿಸಿಬಿಡುತ್ತಾರೆ.

ಉತ್ತರ: ಊಟಕ್ಕೂ ಸಮಯ ಸಿಗದಿದ್ದ ತನ್ನ ಅಪೊಸ್ತಲರನ್ನು ಯೇಸುವೇ ವಿಶ್ರಾಂತಿಗಾಗಿ ಏಕಾಂತ ಸ್ಥಳಕ್ಕೆ ಕರೆದದ್ದು ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಆದರೂ ಸಭಾಪಾಲಕರೊಂದಿಗೆ ವಾಕ್ಯ ಹಿಡಿದು ವಾದಿಸಿ ಗೆದ್ದವರು ಕಡಿಮೆ! ಅವರು ಕೇಳಲಿ ಎಂದು ಕಾಯದೆ, ಪೂರ್ಣ ವೇತನದ ರಜೆಯನ್ನು ಸಮಿತಿಯೇ ನಿರ್ಣಯಿಸಿ, ಆ ದಿನಗಳ ಪ್ರಸಂಗ, ರೋಗಿಗಳ ಭೇಟಿ, ಅಂತ್ಯಕ್ರಿಯೆ ಯಾರ ಹೊಣೆಯೆಂದು ಗೊತ್ತುಮಾಡಿದ ಮೇಲೆ ಅವರ ಮುಂದಿಡಿ. ಅನೇಕರು ಒಲ್ಲೆನೆನ್ನುವುದು ವಿಶ್ರಾಂತಿ ಬೇಡವೆಂದಲ್ಲ, ಹಿಂತಿರುಗಿ ಬಂದಾಗ ಕೆಲಸದ ರಾಶಿ ಕಾದಿರುತ್ತದೆ, ಇಲ್ಲವೇ ತಾವಿಲ್ಲದೆಯೂ ನಡೆಯುತ್ತದೆಂದು ಜನ ಭಾವಿಸುತ್ತಾರೆ ಎಂಬ ಅಂಜಿಕೆಯಿಂದ.

ಅವರ ಪತ್ನಿಯವರನ್ನೂ ಪ್ರತ್ಯೇಕವಾಗಿ ವಿಚಾರಿಸಿ; ಸಂಬಳವಿಲ್ಲದ ಎರಡನೆಯ ಸೇವಕಿಯಂತೆ ಅವರನ್ನು ನಡೆಸಿಕೊಳ್ಳುವ ಸಭೆಗಳು ಬಹಳ. ಸಭಾಪಾಲಕರು ಮನಬಿಚ್ಚಿ ಮಾತನಾಡಲು ಸಭೆಗೆ ಸಂಬಂಧಪಡದ ಒಬ್ಬ ಸಮಾಲೋಚಕರಿರಬೇಕು. ಅದರ ಖರ್ಚನ್ನು ಸಭೆ ಭರಿಸಲಿ, ಅಲ್ಲಿ ಆಡಿದ ಮಾತಿನ ವರದಿಯನ್ನು ಸಮಿತಿ ಕೇಳದಿರಲಿ.

ನಿದ್ರೆ ಮತ್ತು ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ಮೀರಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬದುಕು ಸಾಕೆಂಬ ಮಾತು ಬಂದರೆ ಅದೇ ದಿನ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ, ವಿಶ್ವಾಸ ಕಡಿಮೆಯಾಯಿತೆಂದು ಗದರಬೇಡಿ. ಬೈಬಲಿನಲ್ಲಿ ಸಾವನ್ನು ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಅವನು ತಿಂದು ಮತ್ತೆ ಮಲಗಿದಾಗಲೂ ಯಾರೂ ಆಕ್ಷೇಪಿಸಲಿಲ್ಲ.