ಇಟಲಿ ಮೂಲದವರ ಸ್ಪ್ಯಾನಿಷ್ ಹೃದಯ: ಮನೆಮಂದಿ ಗುಂಪಿನ ರಗಳೆ

ಭಾವ: ಜಾಝ್ ಪಿಯಾನೊ ವಾದಕ ಚಿಕ್ ಕೊರಿಯಾ ಅವರ 'ಮೈ ಸ್ಪ್ಯಾನಿಷ್ ಹಾರ್ಟ್' ಆಲ್ಬಮ್ ಲಿಂಕ್ ಹಾಕಿದ್ದೇನೆ. 1976ರದ್ದು. ಪೂರ್ತಿ ಆಗದಿದ್ದರೆ 'ಅರ್ಮಾಂಡೋಸ್ ರುಂಬಾ' ಒಂದನ್ನಾದರೂ ಕೇಳಿ.

ಚಿಕ್ಕಪ್ಪ: ಕೇಳಿದೆ ಅಳಿಯಂದಿರೇ. ಕೈ ಒಳ್ಳೇ ಚುರುಕು, ಒಪ್ಪಿದೆ. ಆದರೆ ಈ ಮನುಷ್ಯ ಹುಟ್ಟಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಹಿರಿಯರು ಇಟಲಿಯವರು. ಪಿಟೀಲಿನ ಜಾನ್ ಲುಕ್ ಪಾಂಟಿ ಫ್ರಾನ್ಸಿನವರು. ಬೇಸ್ ನುಡಿಸಿದ ಸ್ಟ್ಯಾನ್ಲಿ ಕ್ಲಾರ್ಕ್ ಫಿಲಡೆಲ್ಫಿಯಾದವರು. ಸ್ಪೇನಿನವರು ಎಲ್ಲಿ? ಸುಮ್ನೆ ವೇಷ ಹಾಕಿದ ಹಾಗಿದೆ.

ಅಕ್ಕ: ಚಿಕ್ಕಪ್ಪಾ, ಪಿಟೀಲು ಯಾವ ಊರಿನದು ಅಂತ ನೀವು ಕಛೇರಿಯಲ್ಲಿ ಯಾವತ್ತಾದರೂ ಕೇಳಿದ್ದೀರಾ?

ಚಿಕ್ಕಪ್ಪ: ಅದು ಬೇರೆ ಮಗಳೇ. ಪಿಟೀಲು ನಮ್ಮ ಗಮಕ ಕಲಿತು ಸುಮಾರು 200 ವರ್ಷ ಆಯಿತು. ಇವರು ಯಾರ ಹತ್ತಿರ ಕಲಿತರು?

ನಾನು: ಅದಕ್ಕೆ ಉತ್ತರ ಇದೆ. 60ರ ದಶಕದ ಶುರುವಿನಲ್ಲಿ ನ್ಯೂಯಾರ್ಕಿನಲ್ಲಿ ಕೊರಿಯಾಗೆ ಕೆಲಸ ಸಿಕ್ಕಿದ್ದೇ ಮೊಂಗೊ ಸಾಂತಾಮರಿಯಾ, ವಿಲ್ಲಿ ಬೋಬೊ ಅವರ ಬ್ಯಾಂಡುಗಳಲ್ಲಿ. ಮೊಂಗೊ ಕ್ಯೂಬಾದ ಹವಾನಾದಲ್ಲಿ ಹುಟ್ಟಿದವರು, ಕೈಯಿಂದ ಬಾರಿಸುವ ಕಾಂಗಾ ಡ್ರಮ್ಮಿನ ವಾದಕ. ಅಂಥ ಸಂಗೀತದಲ್ಲಿ ಪಿಯಾನೊದವರು ಬರೀ ಬೆರಳಿನ ಚಮತ್ಕಾರ ತೋರಿಸಿ ಮೆರೆಯುವ ಹಾಗಿಲ್ಲ. 'ಮೊಂಟುನೊ' ಅಂತ ಒಂದು ಚಿಕ್ಕ ವರಸೆ. ಅದನ್ನು ಹಿಡಿದು ಮತ್ತೆ ಮತ್ತೆ ನುಡಿಸುತ್ತಲೇ ಇರಬೇಕು. ಪಿಯಾನೊನೂ ತಾಳವಾದ್ಯವೇ ಆಗಬೇಕು. ಅದರ ಅಡಿಯಲ್ಲಿ 'ಕ್ಲಾವೆ' ಅನ್ನುವ ಲಯದ ಚೌಕಟ್ಟು: ಒಂದು ಪಾಲಿಗೆ 3 ಪೆಟ್ಟು, ಇನ್ನೊಂದು ಪಾಲಿಗೆ 2. ವರಸೆ ತಪ್ಪಾದ ಪಾಲಿನಲ್ಲಿ ಕೂತರೆ ಕುಣಿಯುವವರಿಗೇ ಗೊತ್ತಾಗಿಬಿಡುತ್ತದೆ. ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಎಡುಪು, ತಪ್ಪಿದರೆ ನೀವು ಮುಖ ಸಿಂಡರಿಸುತ್ತೀರಲ್ಲ, ಹಾಗೆ. ಈಗ ಆ ರುಂಬಾದಲ್ಲಿ ಡ್ರಮ್ಸ್ ಇದೆಯಾ ಕೇಳಿ. ಇಲ್ಲ! ಚಪ್ಪಾಳೆ ಮಾತ್ರ. ಉಳಿದ ಲಯವನ್ನೆಲ್ಲ ಪಿಯಾನೊ, ಬೇಸ್ ಎರಡೇ ಹೊತ್ತಿವೆ.

ಮೈಸೂರು ಅತ್ತೆ: ಈ ಅರ್ಮಾಂಡೊ ಯಾರು?

ಭಾವ: ಅವರದೇ ಹೆಸರು ಅತ್ತೆ. ಅರ್ಮಾಂಡೊ ಆಂಥನಿ ಕೊರಿಯಾ. ಅಪ್ಪನ ಹೆಸರೂ ಅರ್ಮಾಂಡೊ, ಅವರು ಟ್ರಂಪೆಟ್ ನುಡಿಸುತ್ತಿದ್ದರು.

ಚಿಕ್ಕಪ್ಪ: ಸರಿ, ಲಯ ಕಲಿತಿದ್ದಾರೆ. ಆದರೆ ಅದು ಕ್ಯೂಬಾ ಆಯಿತು. ಸ್ಪೇನಿನ ಫ್ಲಮೆಂಕೊ ಸಂಗೀತ ಬೇರೆಯದೇ. ಎರಡನ್ನೂ 'ಲ್ಯಾಟಿನ್' ಅಂತ ಒಟ್ಟಿಗೆ ಇಡುವುದು ರೆಕಾರ್ಡ್ ಅಂಗಡಿಯವರ ಅನುಕೂಲಕ್ಕೆ.

ನಾನು: ಈ ಮಾತು ಮಾತ್ರ ನಿಜ. ಆ ಕಾಲದ ಅವರ ಸ್ಪೇನ್ ದೂರದಿಂದ ನೋಡಿದ ಸ್ಪೇನ್ ಅಂತ ನನಗೂ ಅನಿಸುತ್ತದೆ. ಅವರಿಗೆ ಅಷ್ಟು ಹೆಸರು ತಂದ 'ಸ್ಪೇನ್' ಕೃತಿಯ ಶುರು ಕೂಡ ಸ್ಪೇನಿನ ಸಂಗೀತ ರಚನಕಾರ ಹೊಆಕಿನ್ ರೊಡ್ರಿಗೊ ಅವರ ಗಿಟಾರ್ ಕಾನ್ಸರ್ಟೊದಿಂದ ತೆಗೆದುಕೊಂಡದ್ದು.

ಭಾವ: ಆದರೆ ಅಲ್ಲಿಗೇ ನಿಲ್ಲಲಿಲ್ಲ ಅಲ್ವಾ? ಆಮೇಲೆ ಸ್ಪೇನಿನ ಫ್ಲಮೆಂಕೊ ಗಿಟಾರ್ ವಾದಕ ಪಾಕೊ ಡಿ ಲುಸಿಯಾ ಜತೆ ನುಡಿಸಿದರು. 2019ರ 'ಆಂಟಿಡೋಟ್' ಆಲ್ಬಮ್‌ನಲ್ಲಿ ಇದೇ ರುಂಬಾ ಮತ್ತೆ ಬಂತು. ಆ ಬ್ಯಾಂಡಿನಲ್ಲಿ ಗಿಟಾರಿಗೆ ನಿನ್ಯೊ ಹೊಸೆಲೆ, ಕೊಳಲಿಗೆ ಹೋರ್ಹೆ ಪಾರ್ಡೊ. ಇಬ್ಬರೂ ಸ್ಪೇನಿನವರೇ. ಅದರಲ್ಲಿನ 'ಮೈ ಸ್ಪ್ಯಾನಿಷ್ ಹಾರ್ಟ್' ಅನ್ನೋ ಹಾಡು ಹಾಡಿದವರು ಪನಾಮಾದ ರೂಬೆನ್ ಬ್ಲೇಡ್ಸ್. ಗ್ರ್ಯಾಮಿನೂ ಬಂತು. ಅದರಲ್ಲೇ 'ಜಿರ್ಯಾಬ್' ಅಂತ ಒಂದಿದೆ. ಜಿರ್ಯಾಬ್ ಯಾರು ಗೊತ್ತಾ ಚಿಕ್ಕಪ್ಪ? 9ನೇ ಶತಮಾನದಲ್ಲಿ ಬಾಗ್ದಾದ್ ಬಿಟ್ಟು ಸ್ಪೇನಿನ ಕಾರ್ಡೊಬಾಗೆ ಬಂದ ಸಂಗೀತಗಾರ. ಫ್ಲಮೆಂಕೊ ಲೋಕದ ಪಾಕೊ ಅಂಥವರೇ ಅವನ ಹೆಸರಿಟ್ಟು ನುಡಿಸಿದ್ದಾರೆ. ಹೊರಗಿನವನು ಅನ್ನಲಿಲ್ಲ.

ಚಿಕ್ಕಪ್ಪ: 43 ವರ್ಷ ಆದಮೇಲಿನದ್ದು ತೋರಿಸಿ ಮೊದಲಿನದ್ದನ್ನು ಗೆಲ್ಲಿಸಬೇಡಿ. ರುಂಬಾ ನನ್ನ ಫೋನಿನಲ್ಲಿ ಉಳಿಸಿಕೊಂಡಿದ್ದೇನೆ, ಅಷ್ಟರಮಟ್ಟಿಗೆ ಸೋತೆ ಅನ್ನಿ. ಆದರೆ ಅದೇ ಹಳೇ ಆಲ್ಬಮ್‌ನ 'ಎಲ್ ಬೋಝೊ'? ಆ ಸಿಂಥಸೈಜರ್ ಕಿರಿಕಿರಿ ಯಾವ ದೇಶದ ಹೃದಯ?

ನಾನು: ಅದನ್ನು ನಾನೂ ವಹಿಸಿಕೊಳ್ಳುವುದಿಲ್ಲ.

ಭಾವ: ಅದಕ್ಕೆ 3 ಭಾಗ ಬೇರೆ ಇದೆ. ಎರಡನೆಯದರ ಹೊತ್ತಿಗೆ ನಾನೂ ಮುಂದೆ ತಳ್ಳಿಬಿಡುತ್ತೇನೆ.

ಅಕ್ಕ: ಹೌದಾ? ಹಾಗಾದರೆ ನಿನ್ನೆ ಕಾರಿನಲ್ಲಿ ನನಗೆ ಮೂರೂ ಯಾಕೆ ಕೇಳಿಸಿದಿರಿ?