ಟ್ರಸ್ಟಿಗಳಿದ್ದೂ ದೇಣಿಗೆ ಕೇಳುವುದು ನಾನೊಬ್ಬಳೇ, ಏನು ಮಾಡಲಿ?

ಸಂಜೆ ಪಾಠ: ನಮಸ್ಕಾರ. ಶಿರಸಿ ಕಡೆ ಮಕ್ಕಳಿಗೆ ಸಂಜೆ ಪಾಠ ನಡೆಸುವ ಸಣ್ಣ ಟ್ರಸ್ಟ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಟ್ರಸ್ಟಿಗಳು ಏಳು ಜನ, ಎಲ್ಲರೂ ಒಳ್ಳೆಯವರೇ, ಮೀಟಿಂಗಿಗೆ ಬರುತ್ತಾರೆ, ಲೆಕ್ಕ ನೋಡಿ ಸಹಿ ಹಾಕುತ್ತಾರೆ. ದೇಣಿಗೆ ಮಾತು ಬಂದ ಕೂಡಲೇ "ಅದು ಆಫೀಸಿನ ಕೆಲಸ ಅಲ್ವಾ" ಅಂತಾರೆ. ಅಂಗಡಿ, ಕಂಪನಿ ಅಂತ ಒಬ್ಬಳೇ ಓಡಾಡಿ ಸಾಕಾಗಿದೆ. ಟೀಚರ್‌ಗಳಿಗೆ ಎರಡು ತಿಂಗಳ ಸಂಬಳ ಬಾಕಿ ಇದೆ.

ಹಳೇ ಟ್ರಸ್ಟಿ: ಮೇಡಂ, ನಾನೂ ಒಂದು ಟ್ರಸ್ಟಿನಲ್ಲಿದ್ದೇನೆ. ನಮಗೆ ಮನಸ್ಸಿಲ್ಲ ಅಂತಲ್ಲ, ಕೈಯೊಡ್ಡಲು ಸಂಕೋಚ. ಸುಮ್ನೆ "ದುಡ್ಡು ತನ್ನಿ" ಅಂದರೆ ಯಾರೂ ಏಳುವುದಿಲ್ಲ, ಒಬ್ಬೊಬ್ಬರಿಗೂ ಅವರಿಗೆ ಒಗ್ಗುವ ಕೆಲಸ ಕೊಡಿ. ನಮ್ಮಲ್ಲಿ ರಿಟೈರ್ ಆದ ಮೇಷ್ಟ್ರು ಒಬ್ಬರಿದ್ದಾರೆ, ಅವರು ಈವರೆಗೆ ಯಾರ ಹತ್ತಿರವೂ ದುಡ್ಡು ಕೇಳಿಲ್ಲ, ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಕರೆತಂದು ಮಕ್ಕಳ ಜೊತೆ ಅರ್ಧ ಗಂಟೆ ಕೂರಿಸುತ್ತಾರೆ, ಅಷ್ಟೇ. ಹೊರಡುವಾಗ ಅವರೇ "ಏನು ಬೇಕು ಸರ್" ಅಂತಾರೆ. ಇನ್ನೊಬ್ಬರು ಕೊಟ್ಟವರಿಗೆಲ್ಲ ಫೋನ್ ಮಾಡಿ ಥ್ಯಾಂಕ್ಸ್ ಹೇಳುತ್ತಾರೆ. ಟ್ರಸ್ಟಿಯೇ ಫೋನ್ ಮಾಡಿದರೆ ಅದರ ತೂಕವೇ ಬೇರೆ.

ಲೆಕ್ಕಿಗ: ಮೊದಲು ಏಳೂ ಜನ ತಮ್ಮ ಜೇಬಿನಿಂದ ಕೊಡಲಿ, ಐನೂರಾದರೂ ಸರಿ. "ನೀವೆಷ್ಟು ಕೊಟ್ಟಿರಿ" ಅಂತ ಯಾರಾದರೂ ಕೇಳಿದರೆ ಉತ್ತರ ಇರಬೇಕು. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ (80ಜಿ ಅಂತಾರಲ್ಲ, ಅದು) ಬೇಕಾದವರು 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದು ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಇರಲಿ. ಇನ್ನೊಂದು ಮುಖ್ಯ ವಿಷಯ. ಟ್ರಸ್ಟಿಗಳು ಹೊರದೇಶದ ನೆಂಟರನ್ನು ಕೇಳುವ ಮುಂಚೆ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ತಿಳಿದುಕೊಳ್ಳಲಿ. ಭಾರತದ ಪೌರತ್ವ ಇಟ್ಟುಕೊಂಡವರು ಸ್ವಂತ ದುಡಿಮೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಹುಟ್ಟಿದ್ದು ಶಿರಸಿಯಲ್ಲೇ ಆದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆಯಡಿ ನೋಂದಣಿಯೋ ಮುಂಗಡ ಅನುಮತಿಯೋ ಇಲ್ಲದೆ ಮುಟ್ಟಲೇಬೇಡಿ.

ಊರಿನವಳು: ದುಡ್ಡು ಬೇಕು ಅಂತ ಸಾಹುಕಾರರನ್ನೇ ಟ್ರಸ್ಟಿ ಮಾಡಿಕೊಳ್ಳಬೇಡಿ ದಯವಿಟ್ಟು. ಮಕ್ಕಳ ತಾಯಂದಿರಲ್ಲಿ ಒಬ್ಬರಾದರೂ ಅಲ್ಲಿ ಕೂರಬೇಕು. ಪಾಠದಿಂದ ಮನೆಯಲ್ಲಿ ಏನು ಬದಲಾಗಿದೆ ಅಂತ ಅವರು ಹೇಳಿದಂತೆ ಬೇರೆ ಯಾರೂ ಹೇಳಲಾರರು.

ಸಂಜೆ ಪಾಠ: ಎಲ್ಲರಿಗೂ ಧನ್ಯವಾದ. ನಮ್ಮ ಟ್ರಸ್ಟಿಯೊಬ್ಬರಿಗೆ ಅಡಿಕೆ ವ್ಯಾಪಾರದವರೆಲ್ಲ ಪರಿಚಯ. "ಅವರನ್ನು ಒಂದು ಸಂಜೆ ಪಾಠಕ್ಕೆ ಕರೆದುಕೊಂಡು ಬನ್ನಿ" ಅಂತ ನಾನು ಒಮ್ಮೆಯೂ ಕೇಳಿಲ್ಲ. ನಾಳೆಯೇ ಅವರ ಮನೆಗೆ ಹೋಗುತ್ತೇನೆ.