ಮೆನು ಮಾಡಿ ಸೇವ್ ಮಾಡಿದ್ರೂ ಬ್ಲಾಗಲ್ಲಿ ಕಾಣ್ತಿಲ್ಲ, ಯಾವ ಪ್ಲಗಿನ್ ಹಾಕ್ಬೇಕು?

ಪ್ರಶ್ನೆ: ನಮಸ್ಕಾರ ಎಲ್ರಿಗೂ, ವೆಬ್‌ಸೈಟ್ ಕೆಲ್ಸ ಮಾಡೋರು ಯಾರಾದ್ರೂ ಇದ್ರೆ ಸ್ವಲ್ಪ ದಾರಿ ತೋರಿಸಿ. ನಂದು ವರ್ಡ್‌ಪ್ರೆಸ್ ಬ್ಲಾಗು, ಸ್ವಂತ ಹೋಸ್ಟಿಂಗಲ್ಲಿದೆ, ನಾಲ್ಕು ವರ್ಷದಿಂದ ಬರೀತಿದೀನಿ, ಹೆಚ್ಚುಕಮ್ಮಿ ಮುನ್ನೂರು ಪೋಸ್ಟ್ ಆಗಿವೆ, ಅರ್ಧ ಪುಸ್ತಕದ ಬಗ್ಗೆ ಅರ್ಧ ಫೋಟೋಗ್ರಫಿ ಬಗ್ಗೆ. ಇಷ್ಟು ದಿನ ಮೇಲ್ಗಡೆ ಮೆನು ಅಂತ ಏನು ಬರ್ತಿತ್ತೋ ಅದು ತಾನಾಗೇ ಬರ್ತಿತ್ತು, ನಾನು ಮಾಡಿರೋ ಪೇಜೆಲ್ಲ ಸಾಲಾಗಿ ನಿಂತ್ಕೊಂಡಿರೋದು, ಯಾವತ್ತೋ ಟೆಸ್ಟ್ ಮಾಡೋಕೆ ಅಂತ ಪಬ್ಲಿಶ್ ಮಾಡಿ ಮರೆತಿದ್ದ ಪೇಜೂ ಸೇರಿ. ಈಗ ಮೇಲೊಂದು ಮೆನು, ಕೆಳಗೆ ಫುಟರಲ್ಲೊಂದು, ಆಮೇಲೆ ಫೋಟೋಗ್ರಫಿ ವಿಭಾಗಕ್ಕೆ ಹೋದೋರಿಗೆ ಅದಕ್ಕೇ ಬೇರೆ ಮೆನು ಬರೋ ಹಾಗೆ ಮಾಡ್ಬೇಕು ಅಂತ ಆಸೆ. ಮೂರು ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸೋ ಪುಟ್ಟ ತಂತ್ರಾಂಶ) ಹಾಕಿ ನೋಡಿದೆ, ಮೆನು ಮಾಡಿ ಸೇವ್ ಕೊಟ್ರೆ ಸೇವ್ ಆಯ್ತು ಅಂತಾನೂ ಹೇಳುತ್ತೆ, ಬ್ಲಾಗ್ ತೆಗೆದ್ರೆ ಮತ್ತೆ ಅದೇ ಹಳೇ ಪೇಜುಗಳ ಸಾಲು. ಎಲ್ಲಿ ತಪ್ತಿದೀನಿ?

ಉತ್ತರ: ನಾನು ಇದೇ ಕೆಲ್ಸ ಮಾಡೋನು, ಈ ಸಮಸ್ಯೆ ತಗೊಂಡು ಬರೋರು ತುಂಬಾ ಜನ, ಗಾಬರಿ ಆಗೋದೇನಿಲ್ಲ. ಮೊದ್ಲು ಆ ಮೂರೂ ಪ್ಲಗಿನ್ ಡಿಆಕ್ಟಿವೇಟ್ ಮಾಡಿ, ಡಿಲೀಟ್ ಈಗಲೇ ಬೇಡ, ಆಫ್ ಮಾಡಿದ್ರೆ ಸಾಕು.

ನಿಮಗೆ ಕಾಣ್ತಿರೋ ಪೇಜುಗಳ ಸಾಲು ನೀವು ಮಾಡಿದ ಮೆನು ಅಲ್ಲವೇ ಅಲ್ಲ. ಥೀಮು, ಅಂದ್ರೆ ಬ್ಲಾಗು ಹೇಗೆ ಕಾಣ್ಬೇಕು ಅಂತ ನಿರ್ಧರಿಸೋ ಭಾಗ, ಮೆನು ಎಲ್ಲಿದೆ ಅಂತ ಹುಡುಕುತ್ತೆ, ಆ ಜಾಗಕ್ಕೆ ಯಾವ ಮೆನುವನ್ನೂ ಹಚ್ಚಿಲ್ಲ ಅಂದ್ರೆ ಖಾಲಿ ಬಿಡೋ ಬದಲು ಪಬ್ಲಿಶ್ ಆಗಿರೋ ಪೇಜೆಲ್ಲ ತಂದು ಸುರಿಯುತ್ತೆ. ಅಂದ್ರೆ ನೀವು ಮಾಡಿದ ಮೆನು ಡೇಟಾಬೇಸಲ್ಲಿ ಕ್ಷೇಮವಾಗಿದೆ, ಅದನ್ನ ಯಾವ ಜಾಗದಲ್ಲಿ ತೋರಿಸ್ಬೇಕು ಅನ್ನೋದನ್ನ ಮಾತ್ರ ನೀವಿನ್ನೂ ಹೇಳಿಲ್ಲ.

ಇದೊಂದು ವಿಷಯ ಚೆನ್ನಾಗಿ ತಲೇಲಿ ಕೂತ್ರೆ ಮುಂದಿನದೆಲ್ಲ ಸಲೀಸು, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ. ವರ್ಡ್‌ಪ್ರೆಸ್‌ನಲ್ಲಿ ಮೆನು ಅಂದ್ರೆ ಬೇರೆ ಬೇರೆ ಮೂರು ಸಂಗತಿ ಸೇರಿರೋದು. ಒಂದು, ಲಿಂಕುಗಳ ಪಟ್ಟಿ, ಇದನ್ನ ನೀವು ಮಾಡ್ತೀರಿ, ಹೆಸರಿಡ್ತೀರಿ. ಇನ್ನೊಂದು ಲೊಕೇಶನ್ನು, ಅಂದ್ರೆ ಹೆಡರಲ್ಲಿ ಒಂದು ಜಾಗ ಇದೆ ಫುಟರಲ್ಲಿ ಒಂದು ಜಾಗ ಇದೆ ಅಂತ ಥೀಮು ಮೊದಲೇ ಗುರುತು ಮಾಡಿಟ್ಟಿರುತ್ತೆ, ಇದನ್ನ ನೀವು ಮಾಡಕ್ಕಾಗಲ್ಲ, ಥೀಮ್ ಬರೆದೋರು ಕೊಟ್ಟಷ್ಟೇ. ಮೂರನೇದು ಅದು ಕಾಣೋ ರೀತಿ, ಬಣ್ಣ, ಡ್ರಾಪ್‌ಡೌನು, ಮೊಬೈಲಲ್ಲಿ ಮೂರು ಗೆರೆ ಒತ್ತಿದ್ರೆ ಬಿಚ್ಚಿಕೊಳ್ಳೋದು ಇವೆಲ್ಲ. ಪಟ್ಟಿಗೂ ಜಾಗಕ್ಕೂ ಗಂಟು ಹಾಕೋ ಕೆಲಸ ನಿಮ್ಮದು, ನೀವು ಬಿಟ್ಟಿರೋದು ಅದೊಂದನ್ನೇ.

ಅಪಿಯರೆನ್ಸ್ ಒಳಗೆ ಮೆನುಸ್‌ಗೆ ಹೋಗಿ, ಮೇಲ್ಗಡೆ ನಿಮ್ಮ ಮೆನು ಆಯ್ಕೆ ಮಾಡ್ಕೊಳಿ, ಕೆಳಗೆ ಮೆನು ಸೆಟ್ಟಿಂಗ್ಸ್ ಅಂತಿರುತ್ತೆ, ಅಲ್ಲಿ ಡಿಸ್ಪ್ಲೇ ಲೊಕೇಶನ್ ಎದುರಿಗೆ ಪ್ರೈಮರಿ, ಫುಟರ್ ಅಂತ ಟಿಕ್ ಹಾಕೋ ಚೌಕಗಳಿವೆ, ಬೇಕಾದ್ದಕ್ಕೆ ಟಿಕ್ ಹಾಕಿ ಸೇವ್ ಮೆನು ಒತ್ತಿ. ಅಷ್ಟೇ. ಅಲ್ಲೇ ಮೇಲೆ, ಹೊಸ ಪೇಜು ಬಂದ ಹಾಗೆಲ್ಲ ತಾನಾಗೇ ಮೆನುಗೆ ಸೇರಿಸು ಅಂತ ಇನ್ನೊಂದು ಚೌಕ ಇದೆ, ಅದಕ್ಕೆ ಟಿಕ್ ಇದ್ರೆ ತೆಗೀರಿ, ಇಲ್ದಿದ್ರೆ ನಾಳೆ ಇನ್ನೊಂದು ಟೆಸ್ಟ್ ಪೇಜು ಬಂದು ಮೆನುವಲ್ಲಿ ಕೂರುತ್ತೆ.

ಹೆಡರಿಗೂ ಫುಟರಿಗೂ ಬೇರೆ ಮೆನು ಮಾಡೋಕೆ ಪ್ಲಗಿನ್ನೇ ಬೇಡ. 2010ರಲ್ಲಿ ವರ್ಡ್‌ಪ್ರೆಸ್ 3.0 ಬಂದಾಗಿಂದ ಈ ಸೌಲಭ್ಯ ಒಳಗೇ ಇದೆ. ಪ್ಲಗಿನ್ ಬೇಕಾಗಿರೋದು ನಿಮ್ಮ ಮೂರನೇ ಆಸೆಗೆ, ಫೋಟೋಗ್ರಫಿ ವಿಭಾಗಕ್ಕೆ ಬೇರೆ ಮೆನು ಅಂದ್ರಲ್ಲ ಅದಕ್ಕೆ. ಕಂಡೀಶನಲ್ ಮೆನುಸ್ ಅಂತ ಒಂದು ಪ್ಲಗಿನ್ ಇದೆ, ಅದನ್ನ ಹಾಕಿದ್ರೆ ಇದೇ ಮೆನುಸ್ ಸ್ಕ್ರೀನಲ್ಲಿ ಮ್ಯಾನೇಜ್ ಲೊಕೇಶನ್ಸ್ ಟ್ಯಾಬಿನೊಳಗೆ ಒಂದೇ ಜಾಗಕ್ಕೆ ಎರಡನೇ ಮೆನು ಕೂರಿಸಿ, ಇಂಥ ಕೆಟಗರಿ ಇದ್ದಾಗ ಮಾತ್ರ ಇದು ಬರಲಿ ಅಂತ ಶರತ್ತು ಹಾಕಬಹುದು. ನಿಮಗೆ ಅದೊಂದು ಸಾಕು.

ಪ್ರಶ್ನೆ (ಅವರೇ): ಸರ್ ತುಂಬಾ ಥ್ಯಾಂಕ್ಸ್, ಟಿಕ್ ಹಾಕಿದ ತಕ್ಷಣ ಹೆಡರ್ ಮೆನು ಬಂತು! ಎರಡು ದಿನದಿಂದ ಒದ್ದಾಡ್ತಿದ್ದೆ. ಆದ್ರೆ ಫುಟರ್ ಮೆನು ನಂಗೆ ಕಾಣ್ತಿದೆ, ಸ್ನೇಹಿತರ ಫೋನಲ್ಲಿ ಇನ್ನೂ ಕಾಣ್ತಿಲ್ವಂತೆ. ಇನ್ನೊಂದು, ಕೆಟಗರಿನ ಮೆನುಗೆ ಸೇರಿಸೋಕೆ ಆಗದೆ ಅದರ ಅಡ್ರೆಸ್ ಕಾಪಿ ಮಾಡಿ ಕಸ್ಟಮ್ ಲಿಂಕಲ್ಲಿ ಹಾಕಿದೀನಿ, ತಪ್ಪಿಲ್ಲ ತಾನೇ?

ಉತ್ತರ: ಸ್ನೇಹಿತರಿಗೆ ಕಾಣದೇ ಇರೋದಕ್ಕೆ ಕ್ಯಾಶ್ (ಪುಟ ಬೇಗ ತೆರೀಲಿ ಅಂತ ಎತ್ತಿಟ್ಟಿರೋ ಪ್ರತಿ) ಕಾರಣ ಇರ್ಬೇಕು. ನೀವು ಲಾಗಿನ್ ಆಗಿರೋದ್ರಿಂದ ನಿಮಗೆ ತಾಜಾ ಪುಟ ಬರ್ತಿದೆ, ಅವರಿಗೆ ಮೊದ್ಲೇ ಮಾಡಿಟ್ಟ ಹಳೇ ಪ್ರತಿ ಹೋಗ್ತಿದೆ. ಕ್ಯಾಶ್ ಪ್ಲಗಿನ್ ಇದ್ರೆ ಪೂರ್ತಿ ಕ್ಲಿಯರ್ ಮಾಡಿ, ಹೋಸ್ಟಿಂಗ್ ಕಡೆಯಿಂದಾನೂ ಒಂದು ಕ್ಯಾಶ್ ಇರೋದುಂಟು, ಅದನ್ನೂ ಖಾಲಿ ಮಾಡಿ. ಮೆನು ಬದಲಾಯಿಸಿದ ಮೇಲೆ ಪ್ರೈವೇಟ್ ವಿಂಡೋದಲ್ಲಿ ಒಮ್ಮೆ ತೆಗೆದು ನೋಡೋ ಅಭ್ಯಾಸ ಮಾಡ್ಕೊಳಿ.

ಕಸ್ಟಮ್ ಲಿಂಕ್ ಮಾತ್ರ ದಯವಿಟ್ಟು ತೆಗೀರಿ. ಈ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ, ಯಾಕಂದ್ರೆ ಇದರಿಂದ ಆದ ಪಾಡು ಸಾಕಷ್ಟು ನೋಡಿದೀನಿ. ಪೇಜನ್ನೋ ಕೆಟಗರಿಯನ್ನೋ ಎಡಗಡೆ ಪಟ್ಟಿಯಿಂದ ಸೇರಿಸಿದ್ರೆ ಮೆನು ಅದರ ಅಡ್ರೆಸ್ ಇಟ್ಕೊಳಲ್ಲ, ಅದರ ನಂಬರ್ ಇಟ್ಕೊಳುತ್ತೆ, ಪುಟ ತೆರೆದಾಗಲೆಲ್ಲ ಆ ನಂಬರಿನ ಈಗಿನ ಅಡ್ರೆಸ್ ಯಾವ್ದು ಅಂತ ಕೇಳಿ ತರುತ್ತೆ. ಹಾಗಾಗಿ ನೀವು ಸ್ಲಗ್ (ಅಡ್ರೆಸ್ಸಿನ ಕೊನೇಲಿ ಬರೋ ಪುಟದ ಹೆಸರು) ಬದಲಾಯಿಸಿದ್ರೂ, ಡೊಮೇನೇ ಬದಲಾದ್ರೂ ಮೆನು ಸರಿಯಾಗಿರುತ್ತೆ. ಕಸ್ಟಮ್ ಲಿಂಕು ಅಂದ್ರೆ ನೀವು ಅವತ್ತು ಅಂಟಿಸಿದ ಅಕ್ಷರಗಳು, ಅಷ್ಟೇ, ಅದಕ್ಕೆ ಬೇರೇನೂ ಗೊತ್ತಿಲ್ಲ. ಒಂದ್ಸಲ ನಾನೇ ಒಬ್ಬರ ಬ್ಲಾಗನ್ನ ಹೊಸ ಡೊಮೇನಿಗೆ ಸಾಗಿಸಿದೆ, ನಲವತ್ತು ಐಟಮಿನ ಮೆನು, ಪೂರ್ತಿ ಕಸ್ಟಮ್ ಲಿಂಕು, ಒಂದೊಂದೂ ಒತ್ತಿದ್ರೆ ಹಳೇ ಅಡ್ರೆಸ್ಸಿಗೇ ಓಡ್ತಿತ್ತು, ರಾತ್ರಿ ಕೂತು ನಲವತ್ತನ್ನೂ ಕೈಯಲ್ಲೇ ಮತ್ತೆ ಸೇರಿಸಿದೆ.

ಕೆಟಗರಿ ಸಿಕ್ಕಿಲ್ಲ ಅಂದ್ರಲ್ಲ, ಮೆನುಸ್ ಸ್ಕ್ರೀನಿನ ಮೇಲೆ ಬಲಗಡೆ ಮೂಲೇಲಿ ಸ್ಕ್ರೀನ್ ಆಪ್ಷನ್ಸ್ ಅಂತ ಚಿಕ್ಕದೊಂದು ಟ್ಯಾಬ್ ಇದೆ, ಕಣ್ಣಿಗೇ ಬೀಳಲ್ಲ. ಒತ್ತಿ ನೋಡಿ. ಕೆಟಗರಿ, ಟ್ಯಾಗು, ಪೋಸ್ಟು ಎಲ್ಲಕ್ಕೂ ಅಲ್ಲಿ ಟಿಕ್ ಇದೆ, ಹಾಕಿದ್ರೆ ಎಡಗಡೆ ಬಂದು ಕೂರ್ತವೆ. ಲಿಂಕು ಹೊಸ ಟ್ಯಾಬಲ್ಲಿ ತೆರೆಯೋದು, ಐಟಮಿಗೆ ಸಿಎಸ್ಎಸ್ (ಬಣ್ಣ, ಅಳತೆ, ರೂಪ ಹೇಳೋ ಕೋಡು) ಕ್ಲಾಸ್ ಕೊಡೋದು, ಇವೂ ಅಲ್ಲೇ ಅಡಗಿವೆ. ಈ ಟ್ಯಾಬ್ ಗೊತ್ತಿಲ್ದೆ ಇದೇ ಕೆಲ್ಸಕ್ಕೆ ಪ್ಲಗಿನ್ ಹಾಕ್ಕೊಂಡಿರೋರು ಎಷ್ಟೋ ಜನ.

ಇನ್ನೊಬ್ಬರ ಪ್ರಶ್ನೆ: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ನನ್ ಬ್ಲಾಗಲ್ಲಿ ಅಪಿಯರೆನ್ಸ್ ಒತ್ತಿದ್ರೆ ಮೆನುಸ್ ಅನ್ನೋದೇ ಇಲ್ವಲ್ಲ, ಎಡಿಟರ್ ಅಂತ ಮಾತ್ರ ಬರುತ್ತೆ.

ಉತ್ತರ: ನಿಮ್ಮದು ಬ್ಲಾಕ್ ಥೀಮು, ಅಂದ್ರೆ ಹೆಡರ್ ಫುಟರ್ ಎಲ್ಲಾನೂ ಬ್ಲಾಕ್ ಅನ್ನೋ ತುಂಡುಗಳಿಂದ ಕಟ್ಟಿರೋದು. 2022ರ ಜನವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.9ರಿಂದ ಶುರುವಾದ ಪದ್ಧತಿ ಅದು, ಅಲ್ಲಿ ಲೊಕೇಶನ್ ಅನ್ನೋ ಲೆಕ್ಕವೇ ಇಲ್ಲ. ಎಡಿಟರ್ ತೆಗೆದು ಹೆಡರ್ ಮೇಲೆ ಕ್ಲಿಕ್ ಮಾಡಿ, ಅದರೊಳಗೆ ನ್ಯಾವಿಗೇಶನ್ ಬ್ಲಾಕ್ ಇರುತ್ತೆ, ಐಟಮುಗಳನ್ನ ಅಲ್ಲೇ ಸೇರಿಸೋದು, ಅಲ್ಲೇ ಎಳೆದು ಹಿಂದೆ ಮುಂದೆ ಮಾಡೋದು. ಹಳೇ ಥೀಮಲ್ಲಿ ಮಾಡಿದ್ದ ಮೆನು ಇದ್ರೆ ಆ ಬ್ಲಾಕಿನೊಳಗೆ ಇಂಪೋರ್ಟ್ ಮಾಡ್ಕೋಬಹುದು, ಕಳೆದಿರಲ್ಲ. ಒಂದು ಎಚ್ಚರಿಕೆ, ನಾನು ಮೇಲೆ ಹೇಳಿದಂಥ ಪ್ಲಗಿನ್ನುಗಳು ಹಳೇ ಪದ್ಧತಿಯ ಮೆನುಗೆ ಅಂತ ಬರೆದಿರೋವು, ನ್ಯಾವಿಗೇಶನ್ ಬ್ಲಾಕಿಗೂ ಕೆಲ್ಸ ಮಾಡುತ್ತೆ ಅಂತ ಪ್ಲಗಿನ್ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ರೆ ಮಾತ್ರ ಹಾಕಿ.

ಮತ್ತೊಬ್ಬರ ಪ್ರಶ್ನೆ: ಮೆಂಬರ್ಸಿಗೆ ಮಾತ್ರ ಕೆಲವು ಐಟಂ ಕಾಣ್ಬೇಕು, ಲಾಗಿನ್ ಆಗ್ದೇ ಇರೋರಿಗೆ ಕಾಣ್ಬಾರ್ದು. ಆಗುತ್ತಾ? ಮೆಗಾ ಮೆನು (ಅಗಲವಾಗಿ ತೆರೆದುಕೊಳೋ ದೊಡ್ಡ ಮೆನು) ಕೂಡ ಹಾಕ್ಬೇಕು ಅಂತಿದೀನಿ.

ಉತ್ತರ: ಆಗುತ್ತೆ, ನ್ಯಾವ್ ಮೆನು ರೋಲ್ಸ್ ಅಂತ ಪ್ಲಗಿನ್ ಇದೆ, ಹಾಕಿದ್ರೆ ಪ್ರತಿ ಐಟಮಿನ ಒಳಗೂ ಯಾರಿಗೆ ಕಾಣ್ಬೇಕು ಅಂತ ಕೇಳೋ ಒಂದು ಆಯ್ಕೆ ಬರುತ್ತೆ. ಆದ್ರೆ ಇದು ಮುಚ್ಚೋದು ಮೆನುವಿನ ಐಟಮನ್ನ ಮಾತ್ರ, ಪೇಜನ್ನಲ್ಲ. ಅಡ್ರೆಸ್ ಗೊತ್ತಿರೋ ಯಾರಾದ್ರೂ ಟೈಪ್ ಮಾಡಿದ್ರೆ ಪೇಜು ಆರಾಮಾಗಿ ತೆರೆದುಕೊಳುತ್ತೆ, ಗೂಗಲ್ಲಿಗೂ ಸಿಗುತ್ತೆ. ನಿಜವಾಗ್ಲೂ ಗುಟ್ಟಾಗಿರ್ಬೇಕಾದ್ದು ಇದ್ರೆ ಪೇಜಿಗೇ ಬೀಗ ಹಾಕೋ ಮೆಂಬರ್‌ಶಿಪ್ ಪ್ಲಗಿನ್ ಬೇಕು.

ಮೆಗಾ ಮೆನುಗೆ ಮ್ಯಾಕ್ಸ್ ಮೆಗಾ ಮೆನು ಒಳ್ಳೇದು, ನೀವು ಮಾಡಿರೋ ಮೆನುವನ್ನೇ ತಗೊಂಡು ಅದರ ಮೇಲೆ ಕೆಲ್ಸ ಮಾಡುತ್ತೆ, ನಾಳೆ ತೆಗೆದು ಹಾಕಿದ್ರೂ ಪಟ್ಟಿ ಉಳಿಯುತ್ತೆ. ಯಾವ ಮೆನು ಪ್ಲಗಿನ್ನಿಗಾದ್ರೂ ನಾನು ಮೊದ್ಲು ಕೇಳೋ ಪ್ರಶ್ನೆ ಇದು, ಪಟ್ಟಿಯನ್ನ ವರ್ಡ್‌ಪ್ರೆಸ್‌ನಲ್ಲೇ ಬಿಡುತ್ತೋ ಅಥವಾ ತನ್ನದೇ ಡಬ್ಬಿಯಲ್ಲಿ ಇಟ್ಕೊಳುತ್ತೋ. ತನ್ನ ಡಬ್ಬಿಯಲ್ಲಿಟ್ಕೊಳೋದಾದ್ರೆ ಪ್ಲಗಿನ್ ನಿಂತ ದಿನ ನಿಮ್ಮ ಮೆನುವೂ ಹೋಯ್ತು. ಆಮೇಲೆ ಕೊನೇ ಅಪ್ಡೇಟ್ ಯಾವಾಗ ಅಂತ ನೋಡಿ. 2020ರಲ್ಲಿ ಬಂದ ವರ್ಡ್‌ಪ್ರೆಸ್ 5.4ಕ್ಕಿಂತ ಮುಂಚೆ ಮೆನು ಐಟಮಿಗೆ ಹೊಸ ಆಯ್ಕೆ ಸೇರಿಸೋಕೆ ಸರಿಯಾದ ದಾರಿ ಇರ್ಲಿಲ್ಲ, ಪ್ಲಗಿನ್ನುಗಳು ಇಡೀ ಎಡಿಟ್ ಭಾಗವನ್ನೇ ತಮ್ಮದರಿಂದ ಬದಲಾಯಿಸ್ತಿದ್ವು, ಅಂಥ ಎರಡನ್ನ ಒಟ್ಟಿಗೆ ಹಾಕಿದ್ರೆ ಒಂದರ ಆಯ್ಕೆಗಳು ಮಾಯ. ಇನ್ನೂ ಹಳೇ ರೀತೀಲೇ ಇರೋ ಪ್ಲಗಿನ್ ಸಿಕ್ಕಿದ್ರೆ ಮುಟ್ಟಬೇಡಿ.

ಬರೀ ಆರೇಳು ಲಿಂಕಿರೋ ಬ್ಲಾಗಿಗೆ ಮೆಗಾ ಮೆನು ಬೇಡ ಅಂತ ನನ್ನ ಅಭಿಪ್ರಾಯ, ಓದೋಕೆ ಬಂದೋರ ಮುಖದ ಮೇಲೆ ಅರ್ಧ ಸ್ಕ್ರೀನ್ ತೆರೆದುಕೊಳುತ್ತೆ.

ಪ್ರಶ್ನೆ: ವರ್ಡ್‌ಪ್ರೆಸ್ ಬಿಟ್ಟು ಗೂಗಲ್‌ನ ಬ್ಲಾಗರ್‌ನಲ್ಲಿ ಬರೆಯೋರಿಗೆ ಯಾವ ಪ್ಲಗಿನ್?

ಉತ್ತರ: ಅಲ್ಲಿ ಪ್ಲಗಿನ್ ಇಲ್ಲ, ಲೇಔಟ್‌ಗೆ ಹೋಗಿ ಗ್ಯಾಜೆಟ್ ಸೇರಿಸ್ಬೇಕು. ಪೇಜಸ್ ಗ್ಯಾಜೆಟ್ಟಲ್ಲಿ ಪೇಜುಗಳು ಮತ್ತು ಹೊರಗಿನ ಲಿಂಕು ಎರಡೂ ಹಾಕಬಹುದು, ಒಂದು ಲೇಬಲಿನ ಪೋಸ್ಟೆಲ್ಲ ಬರ್ಬೇಕು ಅಂದ್ರೆ ಆ ಲೇಬಲ್ ಒತ್ತಿದಾಗ ಬರೋ ಅಡ್ರೆಸ್ಸನ್ನೇ ಲಿಂಕಾಗಿ ಕೊಡಿ.

ಪ್ರಶ್ನೆ (ಮೊದಲು ಕೇಳಿದವರು): ಸರ್ ಕೊನೇದಾಗಿ ಎರಡು. ಮೆನು ಹೆಸರುಗಳನ್ನೆಲ್ಲ ಕನ್ನಡದಲ್ಲೇ ಹಾಕಿದೆ, ಖುಷಿ ಆಯ್ತು, ಆದ್ರೆ 'ಪುಸ್ತಕ' ಅಂತ ಬರೆದ್ರೆ ಕೆಳಗಿನ ತ ಒತ್ತು ಅರ್ಧ ಕತ್ತರಿಸಿ ಹೋಗಿದೆ, ಅಕ್ಷರಗಳ ಮಧ್ಯೆ ಏನೋ ಜಾಸ್ತಿ ಜಾಗಾನೂ ಇದೆ. ಎರಡನೇದು, ಮೊಬೈಲಲ್ಲಿ 'ಫೋಟೋಗ್ರಫಿ' ಒತ್ತಿದ್ರೆ ಅದರ ಕೆಳಗಿನ ಐಟಮುಗಳು ತೆರೆಯೋ ಮುಂಚೆನೇ ಬೇರೆ ಪುಟಕ್ಕೆ ಹೋಗ್ಬಿಡುತ್ತೆ.

ಉತ್ತರ: ಕನ್ನಡದಲ್ಲೇ ಹಾಕಿದ್ದು ಕೇಳಿ ನಂಗೂ ಖುಷಿಯಾಯ್ತು. ಆ ಒತ್ತಿನ ತೊಂದ್ರೆ ಥೀಮಿನದು. ಥೀಮ್ ಬರೆದೋರ ಕಣ್ಣ ಮುಂದೆ ಇದ್ದಿದ್ದು ಇಂಗ್ಲಿಷ್ ಅಕ್ಷರ, ಅದಕ್ಕೆ ಕೆಳಗೆ ಅಷ್ಟು ಜಾಗ ಬೇಕಾಗಲ್ಲ, ಮೆನು ಪಟ್ಟಿಗೆ ಗಟ್ಟಿಯಾಗಿ ಒಂದು ಎತ್ತರ ಕೊಟ್ಟು ಮಿಕ್ಕಿದ್ದನ್ನ ಮುಚ್ಚಿಬಿಟ್ಟಿರ್ತಾರೆ. ನಮಗೆ ಒತ್ತಕ್ಷರ ಕೆಳಗೆ ಇಳಿಯುತ್ತೆ. ಕಸ್ಟಮೈಸರಲ್ಲಿ ಅಡಿಶನಲ್ ಸಿಎಸ್ಎಸ್ ಅಂತಿದೆ, ಅಲ್ಲಿ ಮೆನು ಲಿಂಕಿನ ಲೈನ್ ಹೈಟ್ (ಸಾಲಿನ ಎತ್ತರ) 1.6 ಅಥವಾ 1.8 ಮಾಡಿ, ಗಟ್ಟಿ ಎತ್ತರ ಕೊಟ್ಟಿದ್ರೆ ಆಟೋ ಮಾಡಿ ಬದಲಿಗೆ ಮೇಲೆ ಕೆಳಗೆ ಪ್ಯಾಡಿಂಗ್ ಕೊಡಿ, ಲೆಟರ್ ಸ್ಪೇಸಿಂಗ್ ನಾರ್ಮಲ್ ಮಾಡಿ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಚೆಂದ ಕಾಣ್ಲಿ ಅಂತ ಕೊಟ್ಟಿರೋ ಆ ಜಾಗ ಕನ್ನಡ ಪದವನ್ನ ಬಿಡಿಬಿಡಿಯಾಗಿ ಎಳೆದು ಹಾಕುತ್ತೆ.

ಹೆಸರು ಕನ್ನಡದಲ್ಲಿರ್ಲಿ, ಸ್ಲಗ್ ಮಾತ್ರ ಚಿಕ್ಕದಾಗಿರ್ಲಿ. ಕಾರಣ ಹೇಳ್ತೀನಿ. ಕನ್ನಡದ ಒಂದೊಂದು ಚಿಹ್ನೆಗೆ, ಅಂದ್ರೆ ಅಕ್ಷರ, ಗುಣಿತದ ಗುರುತು, ಒತ್ತು ಮೂಡಿಸೋ '್' ಗುರುತು ಎಲ್ಲವನ್ನೂ ಬೇರೆ ಬೇರೆ ಎಣಿಸಿದ್ರೆ, ಅಡ್ರೆಸ್ಸಲ್ಲಿ 9 ಸ್ಥಾನ ಬೇಕು. 'ಪುಸ್ತಕ' ಅನ್ನೋದು ನಮ್ಮ ಕಣ್ಣಿಗೆ ಮೂರಕ್ಷರ, ಒಳಗೆ 6 ಚಿಹ್ನೆ, ಅಡ್ರೆಸ್ಸಲ್ಲಿ 54 ಸ್ಥಾನ. ವರ್ಡ್‌ಪ್ರೆಸ್ ಸ್ಲಗ್ಗಿಗೆ ಕೊಟ್ಟಿರೋದು 200. ಅಂದ್ರೆ 22 ಚಿಹ್ನೆಗೆ ಮುಗೀತು, ಉದ್ದ ಶೀರ್ಷಿಕೆ ಇದ್ರೆ ಪದದ ಮಧ್ಯದಲ್ಲೇ ಕತ್ತರಿಸುತ್ತೆ. ಕೆಟಗರಿಗೆ ಒಂದೇ ಪದದ ಸ್ಲಗ್ ಕೊಟ್ಟಿದ್ರೆ ಕನ್ನಡವಾದ್ರೂ ತೊಂದ್ರೆ ಇಲ್ಲ.

ಮೊಬೈಲಿನದು, ಮೇಲಿನ ಐಟಮಿಗೆ ಲಿಂಕೂ ಇದೆ, ಅದೇ ಡ್ರಾಪ್‌ಡೌನೂ ತೆರೀಬೇಕು. ಮೌಸಲ್ಲಿ ಮೇಲೆ ತಂದ್ರೆ ತೆರೆಯುತ್ತೆ, ಒತ್ತಿದ್ರೆ ಹೋಗುತ್ತೆ, ಎರಡೂ ಬೇರೆ ಬೇರೆ. ಬೆರಳಿಗೆ ಒತ್ತೋದೊಂದೇ ಗೊತ್ತು. ಒಳ್ಳೇ ಥೀಮಾದ್ರೆ ಪಕ್ಕದಲ್ಲಿ ಪುಟ್ಟ ಬಾಣದ ಬಟನ್ ಕೊಟ್ಟಿರುತ್ತೆ, ನಿಮ್ಮದರಲ್ಲಿ ಅದಿಲ್ಲ ಅನ್ಸುತ್ತೆ. ಸುಲಭದ ದಾರಿ ಅಂದ್ರೆ ಮೇಲಿನದನ್ನ ಬರೀ ತೆರೆಯೋಕೆ ಇಟ್ಕೊಳಿ, ಕಸ್ಟಮ್ ಲಿಂಕಲ್ಲಿ ಅಡ್ರೆಸ್ ಜಾಗಕ್ಕೆ ಹ್ಯಾಶ್ ಚಿಹ್ನೆ ಹಾಕಿ 'ಫೋಟೋಗ್ರಫಿ' ಅಂತ ಹೆಸರು ಕೊಡಿ, ಕಸ್ಟಮ್ ಲಿಂಕ್ ಬೇಡ ಅಂದೆನಲ್ಲ, ಇದೊಂದಕ್ಕೆ ಪರವಾಗಿಲ್ಲ. ನಿಜವಾದ ಕೆಟಗರಿ ಲಿಂಕನ್ನ 'ಎಲ್ಲಾ ಫೋಟೋ ಬರಹಗಳು' ಅಂತ ಅದರ ಕೆಳಗಿನ ಮೊದಲ ಐಟಂ ಮಾಡಿ. ಆದ್ಮೇಲೆ ಮೌಸ್ ಪಕ್ಕಕ್ಕಿಟ್ಟು ಕೀಬೋರ್ಡಿನ ಟ್ಯಾಬ್ ಒಂದರಲ್ಲೇ ಮೆನು ಪೂರ್ತಿ ಓಡಾಡಿ ನೋಡಿ, ಕಣ್ಣು ಕಾಣದೋರು, ಕೈ ನಡುಗೋರು ಹಾಗೇ ಓಡಾಡೋದು. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಥೀಮಿನ ಹೆಸರು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.

ಪ್ರಶ್ನೆ (ಅವರೇ): ಲೈನ್ ಹೈಟ್ 1.7 ಮಾಡಿದೆ ಸರ್, ತ ಒತ್ತು ಪೂರ್ತಿ ಕಾಣ್ತಿದೆ. ಟ್ಯಾಬ್ ಒತ್ಕೊಂಡು ಹೋದ್ರೆ ಮೊದಲ ಡ್ರಾಪ್‌ಡೌನ್ ತೆರೀತಿಲ್ಲ, ಥೀಮಿನ ಹೆಸರು ಕೆಳಗೆ ಹಾಕ್ತೀನಿ.